ಅಂಟಿದರೆ ಸಾಲದು, ಅಂಟಿಕೊಂಡೇ ಇರಬೇಕು

ಕಳೆದ ಮೇ ತಿಂಗಳು. ಕಲಬುರಗಿಯ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಹನ್ನೊಂದಕ್ಕೇ ಸೈಟಿನಲ್ಲಿ ಬಿದ್ದ ಕಬ್ಬಿಣದ ರಾಡು ಕೈಗೆ ಚುರುಕ್ ಎನ್ನುತ್ತಿತ್ತು. ನನ್ನ ಇಂಟರ್ನ್‌ಶಿಪ್ಪಿನ ಮೂರನೇ ವಾರ. ಹಳೆಯ ಕಟ್ಟಡವೊಂದರ ಮುಂಭಾಗಕ್ಕೆ ಮೂರು ಅಡಿ ಅಗಲದ ಬಾಲ್ಕನಿ ಸೇರಿಸುವ ಕೆಲಸ ನಡೆದಿತ್ತು. ಹಳೆಯ ಬೀಮಿನಲ್ಲಿ ಡ್ರಿಲ್ ಮಾಡಿ ಆರು ಇಂಚು ಆಳದ ತೂತು ಕೊರೆಯುವುದು, ಅದರೊಳಗೆ ಟ್ಯೂಬಿನಿಂದ ಅಂಟು ತುಂಬುವುದು, 12 ಎಂ.ಎಂ. ರಾಡು ತಿರುಗಿಸುತ್ತಾ ಒಳಗೆ ತಳ್ಳುವುದು. ಸೈಟಿನ ಭಾಷೆಯಲ್ಲಿ ಇದಕ್ಕೆ ‘ರೀಬಾರಿಂಗ್’ ಅಥವಾ ‘ಕೆಮಿಕಲ್ ಹಾಕೋದು’ ಎನ್ನುತ್ತಾರೆ. ಮರುದಿನ ಆ ರಾಡುಗಳಿಗೆ ಬಾಲ್ಕನಿಯ ಜಾಲರಿ ಕಟ್ಟಿ ಕಾಂಕ್ರೀಟ್ ಸುರಿಯುತ್ತಾರೆ.

ನನ್ನ ಕೆಲಸ ಒಂದು ಹಾಳೆಯಲ್ಲಿ ಟಿಕ್ ಹಾಕುವುದು. ತೂತಿನ ಆಳ ಸರಿಯಿದೆಯೇ? ಹೌದು. ಸ್ವಚ್ಛ ಮಾಡಲಾಗಿದೆಯೇ? ಮೇಸ್ತ್ರಿ ಕಾಕಾ ತೂತಿಗೆ ಬಾಯಿ ಹಚ್ಚಿ ಒಮ್ಮೆ ಉಫ್ ಎಂದು ಊದಿದರು. ಬಂದ ಧೂಳು ಅವರ ಹುಬ್ಬಿಗೇ ಮೆತ್ತಿಕೊಂಡಿತು. ನಾನು ಟಿಕ್ ಹಾಕಿದೆ. ‘ಬ್ರಶ್ ಹಾಕಬೇಕಂತ ಡಬ್ಬಿ ಮ್ಯಾಲೆ ಬರದಾರಲ್ಲ ಕಾಕಾ’ ಎಂದು ಕೇಳಿದ್ದು ನಿಜ. ಅವರು ಹಿಂದಿನ ದಿನ ಹಾಕಿದ ರಾಡೊಂದನ್ನು ತೋರಿಸಿ, ‘ಜಗ್ಗಿ ನೋಡ್ರಿ ಸರ, ಬರ್ತದೇನು?’ ಎಂದರು. ಎರಡೂ ಕೈಯಿಂದ ಜೋತುಬಿದ್ದೆ. ರಾಡು ಕದಲಲಿಲ್ಲ. ನಾನು ನಕ್ಕೆ, ಅವರೂ ನಕ್ಕರು. ಆ ದಿನ ಇಪ್ಪತ್ತೆರಡು ತೂತಿಗೆ ಇಪ್ಪತ್ತೆರಡು ಟಿಕ್ ಬಿದ್ದವು.

ರಾತ್ರಿ ರೂಮಿಗೆ ಬಂದ ಮೇಲೆ ಆ ಬ್ರಶ್ಶಿನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಯಾಕೆ ಅಷ್ಟು ಒತ್ತಿ ಬರೆದಿದ್ದಾರೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಅಮೆರಿಕದ ಬಾಸ್ಟನ್ ನಗರದ ಕಥೆ. ನಮ್ಮ ಪಠ್ಯಪುಸ್ತಕದಲ್ಲಿ ಅಂಟುಗಳ ಬಗ್ಗೆ ನನಗೆ ಕಂಡದ್ದು ಒಂದೇ ಒಂದು ಪ್ಯಾರಾ, ಎರಡು ಮಾರ್ಕಿನ ಪ್ರಶ್ನೆಗೆ ಸಾಕಾಗುವಷ್ಟು. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2006ರ ಜುಲೈ 10ರ ರಾತ್ರಿ, ಸುಮಾರು ಹನ್ನೊಂದು ಗಂಟೆ. ಬಾಸ್ಟನ್‌ನ ‘ಬಿಗ್ ಡಿಗ್’ ಎಂಬ ಬೃಹತ್ ಯೋಜನೆಯ ಭಾಗವಾಗಿ ಕಟ್ಟಿದ ಸುರಂಗದೊಳಗೆ ದಂಪತಿಯೊಂದು ಕಾರಿನಲ್ಲಿ ವಿಮಾನ ನಿಲ್ದಾಣದ ಕಡೆ ಹೋಗುತ್ತಿತ್ತು. ಸುರಂಗದ ಚಾವಣಿಯ ಕೆಳಗೆ ಗಾಳಿಯ ಹರಿವಿಗಾಗಿ ಕಾಂಕ್ರೀಟ್ ಹಲಗೆಗಳ ಇನ್ನೊಂದು ತೂಗುಚಾವಣಿ ಇತ್ತು. ಅದು ಕಳಚಿ ಬಿತ್ತು. ಕಾಂಕ್ರೀಟ್, ಕಬ್ಬಿಣ ಎಲ್ಲ ಸೇರಿ 26 ಅಮೆರಿಕನ್ ಟನ್, ಅಂದರೆ ಹತ್ತಿರ ಹತ್ತಿರ 24 ಸಾವಿರ ಕೆ.ಜಿ. ಕಾರಿನಲ್ಲಿದ್ದ 38 ವರ್ಷದ ಮಹಿಳೆ ಸತ್ತರು. ಗಂಡ ಕಿಟಕಿಯಿಂದ ತೆವಳಿಕೊಂಡು ಹೊರಬಂದು ಉಳಿದರು.

ಆ ಹಲಗೆಗಳನ್ನು ಹಿಡಿದಿದ್ದದ್ದು ಮೇಲಿನ ಕಾಂಕ್ರೀಟಿನಲ್ಲಿ ತೂತು ಕೊರೆದು ಎಪಾಕ್ಸಿ ಅಂಟಿನಿಂದ ಕೂರಿಸಿದ ಬೋಲ್ಟ್‌ಗಳು. ನಾವು ಹಾಕಿದಂಥವೇ. ದಪ್ಪ 5/8 ಇಂಚು, ಅಂದರೆ ಸುಮಾರು 16 ಎಂ.ಎಂ. ಆಳ ಐದು ಇಂಚು. ಒಂದೊಂದು ಬೋಲ್ಟಿನ ವಿನ್ಯಾಸ ಭಾರ 2,600 ಪೌಂಡ್, ನಮ್ಮ ಲೆಕ್ಕದಲ್ಲಿ 1,180 ಕೆ.ಜಿ. ಕೂರಿಸಿದ ಮೇಲೆ ಅದಕ್ಕಿಂತ 25% ಹೆಚ್ಚು ಬಲದಿಂದ ಜಗ್ಗಿಯೂ ನೋಡಿದ್ದರು. ಪಾಸಾಗಿದ್ದವು.

ಓದುತ್ತಾ ಪೆನ್ನು ಹಿಡಿದು ಲೆಕ್ಕ ಮಾಡಿದೆ. ಬೋಲ್ಟಿನ ಸುತ್ತಳತೆಯನ್ನು ಆಳದಿಂದ ಗುಣಿಸಿದರೆ ಅಂಟು ಹಿಡಿದ ಮೈ ಸುಮಾರು 6,400 ಚದರ ಮಿ.ಮೀ. 1,180 ಕೆ.ಜಿ.ಯನ್ನು ಅದರ ಮೇಲೆ ಹಂಚಿದರೆ ಚದರ ಮಿ.ಮೀ.ಗೆ 1.8 ನ್ಯೂಟನ್. ಒಳ್ಳೆಯ ಎಪಾಕ್ಸಿಗೆ ಇದು ದೊಡ್ಡ ಒತ್ತಡವೇ ಅಲ್ಲ. ಇದರ ಎಷ್ಟೋ ಪಟ್ಟು ತಡೆಯುತ್ತದೆ. ಹಾಗಾದರೆ ಬಿದ್ದದ್ದು ಯಾಕೆ?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದು ವರ್ಷ ತನಿಖೆ ಮಾಡಿ 2007ರಲ್ಲಿ ಕೊಟ್ಟ ಉತ್ತರ ಒಂದು ಸಣ್ಣ ಪದ: ಕ್ರೀಪ್. ಭಾರ ಹೆಚ್ಚದಿದ್ದರೂ, ಅದೇ ಭಾರ ಹಗಲು ರಾತ್ರಿ ಹೊತ್ತುಕೊಂಡೇ ಇದ್ದರೆ ವಸ್ತು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುತ್ತಾ ಹೋಗುವುದು. ಮನೆಯ ಹಿತ್ತಲಲ್ಲಿ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ನೋಡಿ. ಕಟ್ಟಿದ ದಿನ ತಂತಿಯ ಹಾಗೆ ಬಿಗಿಯಾಗಿರುತ್ತದೆ. ಒಂದು ಬೆಡ್‌ಶೀಟ್ ಹಾಕಿ ತೆಗೆದರೆ ಏನೂ ಆಗುವುದಿಲ್ಲ. ಆದರೆ ಆರು ತಿಂಗಳು ದಿನವೂ ಒದ್ದೆ ಬಟ್ಟೆ ಹೊತ್ತ ಮೇಲೆ ಹೊಟ್ಟೆ ಬಿಟ್ಟುಕೊಂಡು ಜೋತು ಬಿದ್ದಿರುತ್ತದೆ. ಯಾವ ಒಂದು ದಿನದ ಬಟ್ಟೆಯೂ ಅದನ್ನು ಹಾಳು ಮಾಡಿದ್ದಲ್ಲ.

ಬಾಸ್ಟನ್‌ನಲ್ಲಿ ಬಳಸಿದ ಎಪಾಕ್ಸಿಯಲ್ಲಿ ಎರಡು ಬಗೆಯಿದ್ದವು: ಮಾಮೂಲಿ ವೇಗದಲ್ಲಿ ಗಟ್ಟಿಯಾಗುವುದು ಮತ್ತು ‘ಫಾಸ್ಟ್ ಸೆಟ್’. ಸುರಂಗಕ್ಕೆ ಹೋದದ್ದು ಫಾಸ್ಟ್ ಸೆಟ್. ಅದು ತಾತ್ಕಾಲಿಕ ಭಾರಕ್ಕೆ ಸೈ, ಆದರೆ ದೀರ್ಘಕಾಲದ ಭಾರದ ಪರೀಕ್ಷೆಯಲ್ಲಿ ಅದು ಮೊದಲೇ ನಪಾಸಾಗಿತ್ತು. ಆ ಸಂಗತಿ ಅಂಟು ಬಳಸುವವರಿಗೆ ಸ್ಪಷ್ಟವಾಗಿ ತಲುಪಲೇ ಇಲ್ಲ. ಇನ್ನೂ ಸಂಕಟದ ವಿಷಯವೆಂದರೆ 1999ರಲ್ಲೇ, ಕಾಮಗಾರಿ ನಡೆಯುತ್ತಿದ್ದಾಗಲೇ, ಅದೇ ಯೋಜನೆಯ ಕೆಲವು ಬೋಲ್ಟ್‌ಗಳು ತಮ್ಮ ತೂತಿನಿಂದ ಸ್ವಲ್ಪ ಹೊರಗೆ ಜಾರಿದ್ದು ಎಂಜಿನಿಯರುಗಳ ಕಣ್ಣಿಗೆ ಬಿದ್ದಿತ್ತು. ಅವರು ಮಾಡಿದ್ದೇನು? ಹೊಸದಾಗಿ ಕೂರಿಸಿ, ಮತ್ತೆ ಜಗ್ಗಿ ನೋಡಿ, ಪಾಸಾಯಿತು ಎಂದು ಬರೆದರು. 2003ರಲ್ಲಿ ಸುರಂಗ ತೆರೆಯಿತು. ಆಮೇಲೆ ದುರಂತದ ದಿನದವರೆಗೆ ಆ ಚಾವಣಿಯ ಮೇಲ್ಭಾಗಕ್ಕೆ ಹತ್ತಿ ಯಾರೂ ನೋಡಲಿಲ್ಲ. ನೋಡಿದ್ದರೆ ಬೋಲ್ಟ್‌ಗಳು ಜಾರುತ್ತಿದ್ದದ್ದು ಕಾಣುತ್ತಿತ್ತು ಎಂದು ತನಿಖಾ ವರದಿ ಹೇಳಿತು.

ನಾನು ರಾಡಿಗೆ ಜೋತುಬಿದ್ದು ಮಾಡಿದ ಪರೀಕ್ಷೆಗೂ ಅವರ ಪರೀಕ್ಷೆಗೂ ತತ್ವದಲ್ಲಿ ವ್ಯತ್ಯಾಸವೇ ಇರಲಿಲ್ಲ. ಎರಡೂ ಕೆಲವೇ ನಿಮಿಷದ ಪರೀಕ್ಷೆಗಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಲ್ಕನಿ ಎಂದರೆ ಒಂದು ಕಡೆ ಮಾತ್ರ ಹಿಡಿದ ಚಪ್ಪಡಿ. ಅದರ ಮೇಲ್ಭಾಗದ ರಾಡುಗಳು ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ಎಳೆತದಲ್ಲೇ ಇರುತ್ತವೆ. ಅಂದಾಜು ಲೆಕ್ಕ ಹಾಕಿದೆ: ಚಪ್ಪಡಿಯ ತೂಕ, ನೆಲದ ಟೈಲ್ಸ್, ಅಂಚಿನ ಇಟ್ಟಿಗೆ ಗೋಡೆ ಸೇರಿಸಿ, ಆರು ಇಂಚಿಗೊಂದು ರಾಡು ಎಂದುಕೊಂಡರೆ, ಜನ ನಿಲ್ಲುವ ಮೊದಲೇ ಒಂದೊಂದು ರಾಡಿನ ಮೇಲೆ 600 ಕೆ.ಜಿ. ಆಸುಪಾಸಿನ ಎಳೆತ. ಕೆಳಗೆ ಅಂಗಡಿಯ ಬಾಗಿಲು.

ಅಂಟು ಅಂದರೆ ಎಲ್ಲವೂ ಒಂದೇ ಅಲ್ಲ

ನಮ್ಮಲ್ಲಿ ಅಂಟು ಎಂದರೆ ಫೆವಿಕಾಲ್. ಅದು ಮರಗೆಲಸಕ್ಕೆ ಬಹಳ ಒಳ್ಳೆಯ ವಸ್ತು. ಆದರೆ ಆ ಬಿಳಿ ಅಂಟು ನೀರು ಆರಿ ಗಟ್ಟಿಯಾಗುವಂಥದ್ದು. ಒಳಗೆ ಅದರ ಅಣುಗಳು ಶ್ಯಾವಿಗೆಯ ಹಾಗೆ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ ಅಷ್ಟೇ, ಗಂಟು ಹಾಕಿಕೊಂಡಿರುವುದಿಲ್ಲ. ನೀರು, ಬಿಸಿ ಅಥವಾ ನಿರಂತರ ಭಾರ ಬಿದ್ದರೆ ನಿಧಾನವಾಗಿ ಜಾರುತ್ತವೆ. ಎಪಾಕ್ಸಿಯಲ್ಲಿ ಎರಡು ಭಾಗ: ರೆಸಿನ್ ಮತ್ತು ಹಾರ್ಡ್‌ನರ್. ಎರಡೂ ಬೆರೆತಾಗ ನಡೆಯುವುದು ಆರುವಿಕೆಯಲ್ಲ, ರಾಸಾಯನಿಕ ಕ್ರಿಯೆ. ಅಣುಗಳ ನಡುವೆ ಬಲೆಯ ಹಾಗೆ ಗಂಟು ಬೀಳುತ್ತದೆ. ಮತ್ತೆ ಕರಗಿಸಲು ಬರುವುದಿಲ್ಲ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇದರ ಹಿಂದೆ ಬಿದ್ದದ್ದು ಸೇತುವೆ ಕಟ್ಟಲಿಕ್ಕಲ್ಲ, ಹಲ್ಲಿನ ಸೆಟ್ಟು ಮಾಡಲಿಕ್ಕೆ! 1946ರಲ್ಲಿ ಅದು ‘ಅರಾಲ್ಡೈಟ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಮನೆಯ ಶೋಕೇಸಿನಲ್ಲಿ ಅದರಿಂದಲೇ ಕಾಲು ಜೋಡಿಸಿಕೊಂಡ ಒಂದು ಪಿಂಗಾಣಿ ಕುದುರೆ ಇವತ್ತಿಗೂ ನಿಂತಿದೆ.

ಹಾರ್ಡ್‌ನರ್ ಬಗ್ಗೆ ಒಂದು ತಪ್ಪು ಕಲ್ಪನೆ ಸೈಟುಗಳಲ್ಲಿ ಸಾಮಾನ್ಯ. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂದು. ಇಲ್ಲ. ಅದು ಉಪ್ಪಿನಕಾಯಿಗೆ ಖಾರ ಹೆಚ್ಚಿಸಿದ ಹಾಗಲ್ಲ. ರೆಸಿನ್ನಿನ ಪ್ರತಿ ಅಣುವಿಗೂ ಇಂತಿಷ್ಟೇ ಜೊತೆಗಾರರು ಬೇಕು. ಹೆಚ್ಚಾದದ್ದು ಜೊತೆಯಿಲ್ಲದೆ ಒಳಗೆ ಉಳಿದು ಅಂಟನ್ನು ಮೆತ್ತಗಾಗಿಸುತ್ತದೆ. ಎಷ್ಟೋ ಕಂಪನಿಗಳು ಒಂದು ಭಾಗವನ್ನು ಬಿಳಿ, ಇನ್ನೊಂದನ್ನು ಕಪ್ಪು ಬಣ್ಣದಲ್ಲಿ ಕೊಡುವುದು ಇದಕ್ಕೇ. ಗೆರೆಗಳಿಲ್ಲದ ಒಂದೇ ಬೂದು ಬಣ್ಣ ಬಂದರೆ ಬೆರೆತಿದೆ ಎಂದರ್ಥ. ಗನ್ನಿನಿಂದ ಒತ್ತುವ ಟ್ಯೂಬಿನಲ್ಲೂ ಮೊದಲ ಕೆಲವು ಒತ್ತು ಬಿಸಾಡಬೇಕು. ಅದು ದುಬಾರಿ ಸಾಮಾನು, ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಸೈಟಿನಲ್ಲೂ ಬರಲಿಲ್ಲ.

ಎಲ್ಲಿ ಮುರಿಯಿತು?

ರಚನಾತ್ಮಕ ಅಂಟಿಗೆ, ಅಂದರೆ ಕಟ್ಟಡದ ಭಾರವನ್ನೇ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಅಂಟಿಗೆ, ಹಲವು ಪರೀಕ್ಷೆಗಳಿವೆ. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಪುಲ್-ಆಫ್ ಪರೀಕ್ಷೆ. ಒಂದು ಲೋಹದ ಬಿಲ್ಲೆಯನ್ನು ಅಂಟಿಸಿ ಯಂತ್ರದಿಂದ ನೇರವಾಗಿ ಕಿತ್ತು ತೆಗೆಯುವುದು. ಎಷ್ಟು ಬಲಕ್ಕೆ ಕಿತ್ತುಬಂತು ಎಂಬುದಷ್ಟೇ ಅಲ್ಲ, ಎಲ್ಲಿ ಕಿತ್ತುಬಂತು ಎಂದು ನೋಡಬೇಕು. ಬಿಲ್ಲೆಯ ಹಿಂದೆ ಕಾಂಕ್ರೀಟಿನ ಒಂದು ಪದರವೇ ಕಿತ್ತುಕೊಂಡು ಬಂದರೆ ಖುಷಿ ಪಡಬೇಕು: ಅಂಟು ಕಾಂಕ್ರೀಟಿಗಿಂತ ಗಟ್ಟಿ. ಬಿಲ್ಲೆ ನುಣ್ಣಗೆ, ಹೊಳೆಯುತ್ತಾ ಬಂದರೆ ಅಂಟು ಹಿಡಿದೇ ಇರಲಿಲ್ಲ, ಧೂಳಿಗೆ ಅಂಟಿತ್ತು ಅಷ್ಟೇ. ಕಾರ್ಬನ್ ಫೈಬರ್ ಅಂಟಿಸುವ ಕೆಲಸಕ್ಕೆ ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಮಾರ್ಗಸೂಚಿ ಕೇಳುವುದು ಚದರ ಮಿ.ಮೀ.ಗೆ ಕನಿಷ್ಠ 1.4 ನ್ಯೂಟನ್, ಅದೂ ಮುರಿತ ಕಾಂಕ್ರೀಟಿನೊಳಗೇ ಆಗಬೇಕು. ಹಳೆಯ ಕಾಂಕ್ರೀಟೇ ಅಷ್ಟು ಗಟ್ಟಿಯಿಲ್ಲದಿದ್ದರೆ ಎಂಥ ದುಬಾರಿ ಅಂಟು ತಂದರೂ ಪ್ರಯೋಜನವಿಲ್ಲ.

ಎಎಸ್‌ಟಿಎಂ ಸಿ 881 ಎಂಬ ಮಾನದಂಡ ಎಪಾಕ್ಸಿಗಳನ್ನು ಏಳು ವಿಧವಾಗಿ ವಿಂಗಡಿಸುತ್ತದೆ. ಭಾರ ಹೊರುವ ಜಾಗದಲ್ಲಿ ಗಟ್ಟಿ ಕಾಂಕ್ರೀಟಿಗೆ ಗಟ್ಟಿ ಕಾಂಕ್ರೀಟ್ ಜೋಡಿಸುವುದು ನಾಲ್ಕನೇ ವಿಧ. 14 ದಿನಕ್ಕೆ ಅದರ ಬೆಸುಗೆ ಬಲ ಚದರ ಮಿ.ಮೀ.ಗೆ 10 ನ್ಯೂಟನ್ ಆದರೂ ಇರಬೇಕು, ನೀರು ಹೀರುವುದು 1% ಮೀರಬಾರದು. ಆರು ಮತ್ತು ಏಳನೆಯವು ಸೇತುವೆಯ ಸೆಗ್ಮೆಂಟ್‌ಗಳಿಗೆ.

ಈ ಸೆಗ್ಮೆಂಟ್ ಸೇತುವೆಗಳ ವಿಷಯ ನಮಗೆ ಹತ್ತಿರದ್ದು. ಬೆಂಗಳೂರಿನ ನಮ್ಮ ಮೆಟ್ರೊದ ಎತ್ತರಿಸಿದ ಮಾರ್ಗವನ್ನು ಕೆಳಗಿನಿಂದ ನೋಡಿದ್ದೀರಾ? ಬ್ರೆಡ್ಡಿನ ತುಂಡುಗಳನ್ನು ಜೋಡಿಸಿಟ್ಟ ಹಾಗೆ ಗೆರೆಗಳು ಕಾಣುತ್ತವೆ. ಯಾರ್ಡಿನಲ್ಲಿ ಎರಕ ಹೊಯ್ದ ತುಂಡುಗಳನ್ನು ತಂದು, ಮುಖಕ್ಕೆ ಎಪಾಕ್ಸಿ ಬಳಿದು, ಒತ್ತಿ, ಒಳಗಿನಿಂದ ಉಕ್ಕಿನ ಕೇಬಲ್ಲುಗಳನ್ನು ಎಳೆದು ಬಿಗಿಯುತ್ತಾರೆ. 1962ರಲ್ಲಿ ಪ್ಯಾರಿಸ್ ಬಳಿ ಸೀನ್ ನದಿಗೆ ಷ್ವಾಸಿ-ಲೆ-ರುವಾ ಎಂಬಲ್ಲಿ ಕಟ್ಟಿದ ಸೇತುವೆಯಲ್ಲಿ ಮೊದಲು ಬಂದ ವಿಧಾನ ಇದು. ಒಂದು ತುಂಡನ್ನೇ ಅಚ್ಚಾಗಿಟ್ಟುಕೊಂಡು ಪಕ್ಕದ ತುಂಡನ್ನು ಹೊಯ್ಯುವುದರಿಂದ ಎರಡೂ ಮುಖ ಹಲ್ಲಿಗೆ ಹಲ್ಲು ಕೂರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೆಟ್ರೊ ಸೇತುವೆ ಅಂಟಿನಿಂದ ನಿಂತಿಲ್ಲ. ಕೇಬಲ್ಲುಗಳು ತುಂಡುಗಳನ್ನು ಸದಾ ಒತ್ತಿ ಹಿಡಿದಿರುತ್ತವೆ. ಅಂಟಿನ ಕೆಲಸ ಜೋಡಿಸುವಾಗ ಜಾರಿಸಿ ಕೂರಿಸಲು ನೆರವಾಗುವುದು, ಸಂದಿಯ ಏರುತಗ್ಗು ತುಂಬುವುದು, ನೀರು ಒಳಗಿಳಿದು ಕೇಬಲ್ಲಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು. ಒತ್ತಡದಲ್ಲಿರುವ ಅಂಟು ಆರಾಮಾಗಿರುತ್ತದೆ. ಬಾಸ್ಟನ್‌ನಲ್ಲಿ ಅದೇ ಜಾತಿಯ ವಸ್ತು ತಲೆಕೆಳಗಾಗಿ, ಎಳೆತದಲ್ಲಿ, ಒಬ್ಬಂಟಿಯಾಗಿ ಇತ್ತು. ಅದು ಸೋತರೆ ಹಿಡಿಯಲು ಇನ್ನೊಂದು ಇರಲಿಲ್ಲ.

ಇದೇ ಯೋಚನೆ ಇನ್ನೊಂದು ನಿಯಮದಲ್ಲೂ ಇದೆ. 1991ರಲ್ಲಿ ಸ್ವಿಟ್ಜರ್ಲೆಂಡಿನ ಲ್ಯೂಸರ್ನ್ ಬಳಿಯ ಇಬಾಕ್ ಸೇತುವೆಯಲ್ಲಿ ಸಿಗ್ನಲ್ ಕೂರಿಸಲು ಡ್ರಿಲ್ ಮಾಡುವಾಗ ಒಳಗಿನ ಕೇಬಲ್ ತುಂಡಾಯಿತು. 175 ಕೆ.ಜಿ. ಉಕ್ಕಿನ ತಗಡು ಬೇಕಾಗುತ್ತಿದ್ದ ಜಾಗದಲ್ಲಿ ಅಲ್ಲಿನ ಸಂಶೋಧಕರು ಕೇವಲ 6.2 ಕೆ.ಜಿ. ಕಾರ್ಬನ್ ಫೈಬರ್ ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ ಸೇತುವೆ ಉಳಿಸಿದರು. ಈಗ ಜಗತ್ತಿನಾದ್ಯಂತ ಇದು ಮಾಮೂಲು. ಆದರೆ ಅಮೆರಿಕದ ಮಾರ್ಗಸೂಚಿ ಒಂದು ಷರತ್ತು ಹಾಕುತ್ತದೆ: ಬೆಂಕಿಗೋ ಮತ್ತೊಂದಕ್ಕೋ ಸಿಕ್ಕಿ ಅಂಟಿಸಿದ ಪಟ್ಟಿ ಪೂರ್ತಿ ಕಳಚಿ ಬಿದ್ದರೂ, ಹಳೆಯ ಬೀಮು ತಾನೊಂದೇ ತನ್ನ ತೂಕದ 1.1 ಪಟ್ಟು ಮತ್ತು ಬಳಕೆ ಭಾರದ 0.75 ಪಟ್ಟು ಹೊರಬೇಕು. ಅಂಟನ್ನು ನಂಬು, ಆದರೆ ಅದರ ಮೇಲೆ ಪ್ರಾಣ ಇಡಬೇಡ ಎಂದ ಹಾಗೆ. ನಮ್ಮ ಅಜ್ಜಿ ಮಳೆಗಾಲದಲ್ಲಿ ಅಳಿಯನ ಬಗ್ಗೆ ಹೇಳುತ್ತಿದ್ದ ಮಾತಿಗೆ ಇದು ಬಹಳ ಹತ್ತಿರ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಐಟಿ ಪಾರ್ಕುಗಳ ಗಾಜಿನ ಗೋಡೆಗಳದ್ದು ಬೇರೆಯೇ ಲೋಕ. ಅಲ್ಲಿ ಎಪಾಕ್ಸಿಯಲ್ಲ, ಸಿಲಿಕೋನ್. ಅದು ರಬ್ಬರಿನಂತೆ ಮೃದು, ವಿನ್ಯಾಸದಲ್ಲಿ ಅದರ ಮೇಲೆ ಹಾಕುವ ಒತ್ತಡ ಸಾಮಾನ್ಯವಾಗಿ ಚದರ ಮಿ.ಮೀ.ಗೆ 0.14 ನ್ಯೂಟನ್ ಮಾತ್ರ. ಮೃದುವಾದದ್ದನ್ನೇ ಯಾಕೆ ಆರಿಸುತ್ತಾರೆ? ಗಾಜಿಗಿಂತ ಅಲ್ಯೂಮಿನಿಯಂ ಬಿಸಿಲಿಗೆ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ಗಾಜಿಗೆ 40 ಡಿಗ್ರಿ ಏರಿಳಿತದಲ್ಲಿ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ. ಹಟಮಾರಿ ಅಂಟಾದರೆ ಗಾಜು ಒಡೆಯುತ್ತದೆ, ಇಲ್ಲವೇ ತಾನು ಬಿರಿಯುತ್ತದೆ. ಬಗ್ಗುವ ಅಂಟು ಬೇಕು. ಹೀಗೆ ಒಂದು ಜಾಗದ ಗುಣ ಇನ್ನೊಂದು ಜಾಗದ ದೋಷ.

ಚಿಕ್ಕಿಯೂ ಕಲಬುರಗಿಯ ಬಿಸಿಲೂ

ನನಗೆ ತುಂಬ ತಲೆ ಕೆಡಿಸಿದ್ದು ಬಿಸಿಯ ವಿಷಯ. ಕಡಲೆಬೀಜದ ಚಿಕ್ಕಿ ಚಳಿಗಾಲದಲ್ಲಿ ಕಟಕ್ಕೆಂದು ಮುರಿಯುತ್ತದೆ. ಅದನ್ನೇ ಬಿಸಿಲಲ್ಲಿ ನಿಂತ ಬಸ್ಸಿನೊಳಗೆ ಒಂದು ಗಂಟೆ ಇಟ್ಟರೆ ಬಗ್ಗುತ್ತದೆ, ಕೈಗೆ ಮೆತ್ತುತ್ತದೆ. ಕರಗಿಲ್ಲ, ಆದರೆ ಗಟ್ಟಿಯೂ ಅಲ್ಲ. ಎಪಾಕ್ಸಿಗೂ ಇಂಥ ಒಂದು ಉಷ್ಣಾಂಶವಿದೆ. ಪುಸ್ತಕದ ಭಾಷೆಯಲ್ಲಿ ಗ್ಲಾಸ್ ಟ್ರಾನ್ಸಿಷನ್. ಅದನ್ನು ದಾಟಿದರೆ ಅಂಟು ಗಾಜಿನ ಗುಣ ಬಿಟ್ಟು ರಬ್ಬರಿನ ಗುಣಕ್ಕೆ ತಿರುಗುತ್ತದೆ. ಕ್ರೀಪ್ ಆಗ ಜೋರಾಗುತ್ತದೆ.

ಸೈಟಿನಲ್ಲಿ ಬೆರೆಸಿ ಹಾಗೆಯೇ ಗಟ್ಟಿಯಾಗಲು ಬಿಡುವ ಎಪಾಕ್ಸಿಗಳಲ್ಲಿ ಈ ಉಷ್ಣಾಂಶ ಬಹುಪಾಲು 45ರಿಂದ 65 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. ಯುರೋಪಿನ ಇಎನ್ 1504-4 ಎಂಬ ಮಾನದಂಡ ಕೇಳುವುದು ಕನಿಷ್ಠ 40 ಡಿಗ್ರಿ. ಲ್ಯೂಸರ್ನ್‌ನಲ್ಲಿ ಅದು ಸಾಕು. ಆದರೆ ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಬಿಸಿಲಿಗೆ ಮೈಯೊಡ್ಡಿದ ಕಾಂಕ್ರೀಟ್, ಕಬ್ಬಿಣದ ಮೈ ಅದಕ್ಕಿಂತ ಎಷ್ಟೋ ಬಿಸಿ. ಕಾರ್ಬನ್ ಫೈಬರ್ ಕೆಲಸಕ್ಕೆ ಅಮೆರಿಕದ ನಿಯಮ ಹೇಳುವುದು ಬಳಕೆಯ ಉಷ್ಣಾಂಶ ಗ್ಲಾಸ್ ಟ್ರಾನ್ಸಿಷನ್‌ಗಿಂತ 15 ಡಿಗ್ರಿ ಕಡಿಮೆಯೇ ಇರಬೇಕು ಎಂದು. ಆ ಲೆಕ್ಕ ಹಿಡಿದರೆ ನಮ್ಮ ಕಡೆ ತಾರಸಿಯ ಕೆಲಸಕ್ಕೆ ಅಂಗಡಿಯಲ್ಲಿ ಸಿಕ್ಕ ಯಾವುದೋ ಟ್ಯೂಬ್ ತರುವಂತಿಲ್ಲ. ಯುರೋಪಿನ ಸರ್ಟಿಫಿಕೇಟ್ ಇದೆ ಎಂಬುದು ಮಾರುವವರಿಗೆ ಹೆಮ್ಮೆ. ನಾವು ಕೇಳಬೇಕಾದದ್ದು, ಎಷ್ಟು ಡಿಗ್ರಿಗೆ ಸರ್ಟಿಫಿಕೇಟ್ ಎಂದು.

ಬಿಸಿ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಪ್ರತಿ 10 ಡಿಗ್ರಿ ಏರಿದರೆ ಬೆರೆಸಿದ ಎಪಾಕ್ಸಿ ಕೈಗೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಅನುಭವಿಗಳ ಲೆಕ್ಕ. ಬಕೆಟ್ಟಿನಲ್ಲಿ ಒಟ್ಟಿಗೆ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಅರ್ಧ ಗಟ್ಟಿಯಾದ ಅಂಟಿಗೆ ರಾಡು ತಳ್ಳಿದರೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಬಾಸ್ಟನ್ ದುರಂತದ ನಂತರ ಅಮೆರಿಕದಲ್ಲಿ ನಿಯಮ ಬಿಗಿಯಾದವು. 2011ರಲ್ಲಿ ಬಂದ ಎಸಿಐ 355.4 ಮಾನದಂಡದಲ್ಲಿ ಅಂಟಿನ ಬೋಲ್ಟಿಗೆ ಕನಿಷ್ಠ 1,000 ಗಂಟೆ ಭಾರ ಹೊರಿಸಿ ಜಾರುವಿಕೆಯನ್ನು ಅಳೆಯುತ್ತಾರೆ. ಆ ಗ್ರಾಫನ್ನು ಮುಂದಕ್ಕೆಳೆದು, ಸಾಮಾನ್ಯ ಉಷ್ಣಾಂಶದಲ್ಲಿ 50 ವರ್ಷಕ್ಕೆ, ಹೆಚ್ಚಿನ ಉಷ್ಣಾಂಶದಲ್ಲಿ 10 ವರ್ಷಕ್ಕೆ ಎಷ್ಟು ಜಾರೀತು ಎಂದು ಲೆಕ್ಕ ಹಾಕುತ್ತಾರೆ. ಪಾಸಾದ ಅಂಟನ್ನೂ ಪೂರ್ತಿ ನಂಬುವುದಿಲ್ಲ. ನಿರಂತರ ಎಳೆತವಿದ್ದರೆ ಬಲವನ್ನು 0.55ರಿಂದ ಗುಣಿಸಿ ಇಳಿಸುತ್ತಾರೆ. ಕಾಂಕ್ರೀಟಿಗೆ ಕನಿಷ್ಠ 21 ದಿನ ವಯಸ್ಸಾಗಿರಬೇಕು. ಅಡ್ಡಲಾಗಿ ಅಥವಾ ತಲೆಯ ಮೇಲೆ, ನಿರಂತರ ಎಳೆತದ ಬೋಲ್ಟ್ ಕೂರಿಸುವ ಕೆಲಸಗಾರನಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಅದಕ್ಕೆ ಬರವಣಿಗೆ ಪರೀಕ್ಷೆಯ ಜೊತೆ ಕೈಯಾರೆ ಅಂಟು ತುಂಬಿ ತೋರಿಸುವ ಪರೀಕ್ಷೆಯೂ ಇದೆ. ಕೆಲಸ ಹುಡುಕುತ್ತಿರುವ ಡಿಪ್ಲೊಮಾ, ಐಟಿಐ ಗೆಳೆಯರು ಇದನ್ನು ಗಮನಿಸಿ: ತೂತು ಊದಿ, ಉಜ್ಜಿ, ಮತ್ತೆ ಊದಿ, ತಳದಿಂದ ಮೇಲಕ್ಕೆ ಗಾಳಿ ಗುಳ್ಳೆ ಇಲ್ಲದೆ ತುಂಬುವುದನ್ನು ಒಂದು ಕಸುಬು ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಅದನ್ನು ಹೆಲ್ಪರ್ ಕೈಗೆ ಕೊಡುತ್ತೇವೆ.

ಅಷ್ಟಾದರೂ ಪಾಠ ಎಲ್ಲ ಕಡೆ ತಲುಪುವುದು ತಡ. 2012ರ ಡಿಸೆಂಬರ್ 2ರಂದು ಜಪಾನಿನ ಯಮನಾಶಿ ಪ್ರಾಂತದ ಸಸಾಗೊ ಸುರಂಗದಲ್ಲಿ 130 ಮೀಟರಿಗೂ ಉದ್ದದ ತೂಗುಚಾವಣಿ ಬಿದ್ದು ಒಂಬತ್ತು ಜನ ಸತ್ತರು. ಅಲ್ಲೂ ರಾಳದಿಂದ ಅಂಟಿಸಿದ ಬೋಲ್ಟ್‌ಗಳು. ಸುರಂಗ 1977ರದ್ದು. ಮೇಲ್ತುದಿಯ ಬೋಲ್ಟ್‌ಗಳನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಿ ಹನ್ನೆರಡು ವರ್ಷ ಕಳೆದಿತ್ತು. ಅದಾದ ಮೇಲೆ ಜಪಾನ್ ಎಲ್ಲ ಸುರಂಗ, ಸೇತುವೆಗಳನ್ನೂ ಐದು ವರ್ಷಕ್ಕೊಮ್ಮೆ ಹತ್ತಿರ ಹೋಗಿ ಕಣ್ಣಾರೆ ನೋಡುವುದನ್ನು ಕಡ್ಡಾಯ ಮಾಡಿತು.

ಮರುದಿನ ಬೆಳಿಗ್ಗೆ ನಾನು ಸೈಟ್ ಎಂಜಿನಿಯರ್ ಹತ್ತಿರ ಹೋಗಿ, ‘ಸರ್, ನಾನು ಹಾಕಿದ ಟಿಕ್ ಸುಳ್ಳು’ ಎಂದೆ. ಹೇಳುವ ಮೊದಲು ಎರಡು ಸಲ ಟೀ ಅಂಗಡಿಗೆ ಹೋಗಿ ಬಂದಿದ್ದೆ. ಬೈದರು, ಮೊದಲು ನನಗೆ, ಆಮೇಲೆ ಮೇಸ್ತ್ರಿಗೆ. ಆದರೆ ಜಾಲರಿ ಕಟ್ಟುವುದನ್ನು ನಿಲ್ಲಿಸಿದರು. ಮೂರು ರಾಡುಗಳನ್ನು ಯಂತ್ರದಿಂದ ಜಗ್ಗಿಸಿದರು. ಮೂರೂ ಪಾಸಾದವು! ‘ನೋಡಪ್ಪ’ ಎಂದರು. ನಾನು ಬಾಸ್ಟನ್‌ನಲ್ಲೂ ಪಾಸಾಗಿದ್ದವು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ವಿನ್ಯಾಸ ಮಾಡಿದ ಕನ್ಸಲ್ಟೆಂಟರಿಗೆ ಫೋನ್ ಹಚ್ಚಿದರು.

ಕನ್ಸಲ್ಟೆಂಟ್ ಬಂದು ಟ್ಯೂಬಿನ ಮೇಲಿನ ಹಾಳೆ ಓದಿದರು. ಉಷ್ಣಾಂಶದ ಸಾಲಿನ ಹತ್ತಿರ ಬೆರಳಿಟ್ಟು ನಿಂತರು. ಬಾಲ್ಕನಿಯ ಹೊರ ಅಂಚಿಗೆ ಒಂದು ಬೀಮು, ಅದರ ಕೆಳಗೆ ಎರಡು ಕಂಬ ಬರೆದುಕೊಟ್ಟು ಹೋದರು. ಆಗ ರಾಡುಗಳ ಮೇಲಿನ ಎಳೆತ ಬಹುಪಾಲು ಇಳಿಯುತ್ತದೆ. ಮಾಲೀಕರಿಗೆ ಸಿಟ್ಟು ಬಂತು. ಕಂಬ ಬಂದರೆ ಅಂಗಡಿ ಮುಂದೆ ಬೈಕ್ ನಿಲ್ಲಿಸುವ ಜಾಗ ಹೋಗುತ್ತದೆ. ಹದಿನೈದು ದಿನ ಜಗ್ಗಾಟ ನಡೆದು ಕೊನೆಗೆ ಒಪ್ಪಿದರು. ಉಳಿದ ತೂತುಗಳಿಗೆ ಮೇಸ್ತ್ರಿ ಕಾಕಾ ಬ್ರಶ್ ತಂದರು, ಜೊತೆಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು. ಎರಡು ಸಲ ಪಂಪು, ಎರಡು ಸಲ ಬ್ರಶ್, ಮತ್ತೆ ಎರಡು ಸಲ ಪಂಪು. ಮೊದಲ ತೂತಿನಿಂದ ಹೊರಬಿದ್ದ ಬೂದು ಹಿಟ್ಟು ಅವರ ಅಂಗೈ ತುಂಬಿತ್ತು. ‘ಇಷ್ಟು ಒಳಗಿತ್ತೇನ್ರಿ ಸರ’ ಎಂದು ನನ್ನ ಕಡೆ ಕೈ ಚಾಚಿ ತೋರಿಸಿದರು.